ಒಂಬತ್ತು ಪಾಲು ಬೆಟ್ಟಕ್ಕೆ, ಒಂದು ಪಾಲು ಬಯಲಿಗೆ

ನಮ್ಮ ಯಜಮಾನರಿಗೆ ಪಂಚಾಂಗದ ಮೇಲಿರುವ ನಂಬಿಕೆಯಲ್ಲಿ ಕಾಲು ಭಾಗ ಹೆಂಡತಿಯ ಮೇಲೆ ಇದ್ದಿದ್ದರೆ ನಾನು ಮೂರು ವರ್ಷ ತವರಿನ ಮುಖ ನೋಡದೆ ಕೂರಬೇಕಾಗಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಅತ್ತೆ ಕಲಿಸಿದ್ದರು. ಅತ್ತೆ ತೀರಿಹೋದರು, ಇವರು ಈಗ ಚಾವಡಿಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಶಿವಸುಬ್ರಹ್ಮಣ್ಯ ಭಟ್ಟರು. ನಾನು ಅವರ ಹೆಂಡತಿ ಮೂಕಾಂಬಿಕಾ.

ನಮ್ಮ ಮನೆ ಅಗಲ್ಪಾಡಿಯಿಂದ ಮೇಲೆ, ಗುಡ್ಡದ ನೆತ್ತಿಯಲ್ಲಿ. ನನ್ನ ತವರು ಉಪ್ಪಳದ ಬಯಲಿನಲ್ಲಿ, ಸಮುದ್ರದಿಂದ ಒಂದು ಮೈಲು ಈಚೆಗೆ. ನಡುವೆ ಒಂದು ಬಸ್ಸು, ಒಂದು ರೈಲು. ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಅಷ್ಟು ಹತ್ತಿರದ ದಾರಿ ಮೂರು ವರ್ಷ ಮುಚ್ಚಿಹೋದದ್ದು ಒಂದೇ ಒಂದು ಮಳೆಯಿಂದ.

ಆದದ್ದು ಇಷ್ಟು. ನನ್ನ ತವರಿನದು ಮಡಲಿನ ಮಾಡು, ತೆಂಗಿನ ಗರಿಯ ಸೂರು. ಪ್ರತಿ ವರ್ಷ ನಮ್ಮ ಹೊಸ ವರ್ಷವಾದ ವಿಷು ಕಳೆದ ಮೇಲೆ ಹಳೆಯ ಮಡಲನ್ನೆಲ್ಲ ಕಿತ್ತು, ಹೆಣೆದಿಟ್ಟ ಹೊಸ ತೆಂಗಿನ ಮಡಲು ಹೊದೆಸಬೇಕು. ಕೀಳುವ ದಿನ ಇಡೀ ಮನೆ ಆಕಾಶಕ್ಕೆ ಬಾಯಿ ಬಿಟ್ಟುಕೊಂಡಿರುತ್ತದೆ. ಆ ಒಂದು ದಿನ ಮಳೆ ಬಾರದಿದ್ದರೆ ಸಾಕು. ಆದರೆ ವಿಷುವಿನ ಹೊತ್ತಿನ ಹವೆಯನ್ನು ನಂಬುವುದು ಹೇಗೆ? ಬೆಳಿಗ್ಗೆ ಮಂಜು, ಹತ್ತಕ್ಕೆ ಬೆಂಕಿಯಂಥ ಬಿಸಿಲು, ಮೂರಕ್ಕೆ ಗುಡುಗು, ನಾಲ್ಕಕ್ಕೆ ಏನೂ ಆಗಿಲ್ಲವೆಂಬಂತೆ ಮತ್ತೆ ಬಿಸಿಲು. ನನ್ನ ಅಣ್ಣ ವೆಂಕಟಕೃಷ್ಣ ಆ ವರ್ಷ ದಿನ ನೋಡಿಕೊಡಲು ತನ್ನ ಭಾವನನ್ನೇ ಕೇಳಿದ. ಇವರು ಪಂಚಾಂಗ ಬಿಡಿಸಿ, ಬೆರಳು ಮಡಚಿ, ಬೆರಳು ಬಿಡಿಸಿ, "ಗುರುವಾರ ಮಾಡಿ. ಒಂದು ಹನಿ ಬಿದ್ರೆ ನನ್ನ ಹೆಸರು ಬದಲಾಯಿಸ್ತೇನೆ" ಎಂದರು.

ಗುರುವಾರ ನಾವಿಬ್ಬರೂ ಅಲ್ಲೇ ಇದ್ದೆವು. ಎಷ್ಟು ಮಳೆ ಬಂತೆಂದರೆ, ಹುಲ್ಲಿನಲ್ಲಿ ಕಟ್ಟಿಟ್ಟ ಭತ್ತದ ಮುಡಿಗಳೆಲ್ಲ ಒದ್ದೆಯಾಗಿ ಒಳಗೇ ಮೊಳಕೆ ಬಂದವು. ನನ್ನ ಅಮ್ಮ ಕೊಪ್ಪರಿಗೆಯ ಮುಚ್ಚಳವನ್ನು ತಲೆಯ ಮೇಲೆ ಹಿಡಿದುಕೊಂಡು ದೇವರ ಕೋಣೆಯಲ್ಲಿ ಕೂತಿದ್ದಳು. ಅಣ್ಣ ನೀರು ಸೋರುತ್ತಿದ್ದ ಮೂಗನ್ನು ಒರೆಸಿಕೊಳ್ಳುತ್ತ, ಎಲ್ಲ ಆಳುಗಳ ಎದುರಿಗೆ, "ಭಾವ, ನಿಮ್ಮ ಪಂಚಾಂಗವನ್ನೇ ಮಾಡಿಗೆ ಹಾಕಿದ್ರೆ ಒಂದು ಮಡಲಿನಷ್ಟು ಜಾಗವಾದ್ರೂ ಮುಚ್ಚುತ್ತಿತ್ತು" ಎಂದುಬಿಟ್ಟ. ಇವರು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕುಡಿಯದೆ ಕೆಳಗಿಟ್ಟರು, ನನ್ನನ್ನು ಎಬ್ಬಿಸಿದರು, ಆ ಮಳೆಯಲ್ಲೇ ಹೊರಟರು. ಆಮೇಲೆ ಇವರು ಅಲ್ಲಿಗೆ ಹೋಗುವುದಿಲ್ಲ, ಅವನು ಇಲ್ಲಿಗೆ ಬಂದು ಕರೆಯುವುದಿಲ್ಲ. ಯಾರೂ ಕರೆದುಕೊಂಡು ಹೋಗದೆ ಹೆಣ್ಣು ಒಬ್ಬಳೇ ತವರಿಗೆ ಹೋಗುವ ಕಾಲ ಅದಲ್ಲ. ಅಮ್ಮನಿಗೆ ಎಪ್ಪತ್ತಾಗಿತ್ತು. ಇಬ್ಬರು ಗಂಡಸರ ಮೂಗಿನ ತುದಿಯ ಸಿಟ್ಟಿಗೆ ನಾನು ಅಡುಗೆಮನೆಯಲ್ಲಿ ಕೂತು ಎಷ್ಟು ಅತ್ತಿದ್ದೇನೆಂದು ಆ ಒಲೆಗೇ ಗೊತ್ತು.

ಹೀಗೆ ಮೂರು ವರ್ಷ ಕಳೆದು, ಯುದ್ಧ ನಡೆಯುತ್ತಿದ್ದ ಕಾಲದ ಒಂದು ವಿಷು. ಪದ್ಧತಿಯಂತೆ ನಮ್ಮ ಚಾವಡಿಯಲ್ಲಿ ಹತ್ತು ಮನೆಯವರು ಸೇರಿದ್ದರು. ಇವರು ಹೊಸ ವರ್ಷದ ಫಲ ಓದಿದರು. ಆ ವರ್ಷ ಬೀಳುವ ಮಳೆಯಲ್ಲಿ ಎಲ್ಲಿಗೆ ಎಷ್ಟೆಂದು ಪಂಚಾಂಗದಲ್ಲಿ ಪಾಲು ಹಾಕಿರುತ್ತಾರಲ್ಲ, ಅದನ್ನೂ ಓದಿದರು: ಸಮುದ್ರಕ್ಕೆ ಹತ್ತು ಪಾಲು, ಬೆಟ್ಟಕ್ಕೆ ಒಂಬತ್ತು ಪಾಲು, ಬಯಲಿಗೆ ಒಂದು ಪಾಲು. ಎಲ್ಲರೂ ತಲೆಯಾಡಿಸಿದರು. ನಾನು ಪಾಯಸದ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಒಂಬತ್ತು ಮತ್ತು ಒಂದು ನನ್ನ ಕಿವಿಯೊಳಗೆ ಹೋಗಿ ಗಟ್ಟಿಯಾಗಿ ಕೂತವು.

ಅದರ ಮರುದಿನ ನಾನು ಹಲಸಿನ ಹಪ್ಪಳಕ್ಕೆ ಕೂತೆ. ಉದ್ದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಹಲಸಿನ ಕಾಯಿಗೆ ಮಾತ್ರ ಬರವಿರಲಿಲ್ಲ. ಬೇಯಿಸಿ, ಗುದ್ದಿ, ಒತ್ತಿ, ಐದು ನೂರು ಹಪ್ಪಳ ಮಾಡಿದೆ. ಇವರಿಗೆ ಮಳೆಗಾಲದಲ್ಲಿ ಒಂದು ಊಟಕ್ಕೆ ನಾಲ್ಕು ಹಪ್ಪಳ ಬೇಕು. ಮೂರು ಹಾಕಿದರೆ ಎಲೆಯ ಖಾಲಿ ಜಾಗವನ್ನು ನೋಡುತ್ತ ಕೂರುತ್ತಾರೆ. ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಹರಡಿದೆ. ಮೂರಕ್ಕೆ ಮಳೆ. ಮರುದಿನವೂ ಮೂರಕ್ಕೆ ಮಳೆ. ಆರು ದಿನ ಹರಡಿದ್ದೇ ಹರಡಿದ್ದು, ಬಾಚಿದ್ದೇ ಬಾಚಿದ್ದು. ಅರ್ಧ ಒಣಗಿದ ಹಪ್ಪಳ ಇನ್ನು ಎರಡು ದಿನ ಹಾಗೇ ಇದ್ದರೆ ಬೂಸುರು ಹಿಡಿಯುವುದು ಖಂಡಿತ.

ಏಳನೆಯ ದಿನ ಗುಡ್ಡದ ಕೆಳಗಿನ ಭುಜಂಗ ಶೆಟ್ಟರು ಬಂದು ಚಾವಡಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಸಾಕ್ಷಿಗೆ ಒಬ್ಬರಿದ್ದಾರೆಂದು ನೋಡಿಕೊಂಡೇ ನಾನು ಬಾಗಿಲಿಗೆ ಬಂದೆ.

"ನಮ್ಮ ಮನೆ ಬೆಟ್ಟವಾ, ಬಯಲಾ?" ಎಂದು ಇವರನ್ನು ಕೇಳಿದೆ.

"ಬೆಟ್ಟ ಅಂದ್ರೆ ಘಟ್ಟ. ಇದು ಬರೀ ಗುಡ್ಡ," ಎಂದರು.

"ಹಾಗಾದ್ರೆ ಬಯಲಿನ ಲೆಕ್ಕ ಅಂತಾಯ್ತು. ಬಯಲಿಗೆ ಒಂದೇ ಪಾಲು ಅಂದವರು ನೀವು. ಆರು ದಿನದಲ್ಲಿ ಆರು ಮಳೆ ಸುರಿದಾಯ್ತು. ಇಡೀ ವರ್ಷದ ಪಾಲು ವಿಷುವಿಗೇ ಮುಗೀತು. ಇನ್ನು ಗದ್ದೆಗೆ ಎಂತ ಮಾಡುವುದು? ಅಥವಾ ಪಂಚಾಂಗ ಸುಳ್ಳು ಹೇಳ್ತದಾ?"

ಶೆಟ್ಟರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, "ಅದು ಹೌದಲ್ಲ ಭಟ್ರೇ!" ಎಂದರು. ಆ ಮನುಷ್ಯನಿಗೆ ನೂರು ವರ್ಷ ಆಯುಸ್ಸು ಕೊಡಲಿ ದೇವರು.

ಇವರ ಮುಖ ಕೆಂಪಾಯಿತು. ಪಂಚಾಂಗ ಸುಳ್ಳಾಗುವುದಕ್ಕಿಂತ ಮನೆ ಬೆಟ್ಟವಾಗುವುದೇ ಮೇಲೆಂದು ಕಂಡಿರಬೇಕು. "ಪಂಚಾಂಗ ಸುಳ್ಳಾಗುವುದುಂಟಾ? ಇದು ಬೆಟ್ಟವೇ. ಘಟ್ಟದ ಬಾಲ ಇಲ್ಲಿವರೆಗೆ ಬಂದದ್ದು," ಎಂದರು.

"ಹಾಗಾದ್ರೆ ಇಲ್ಲಿ ಹಪ್ಪಳ ಒಣಗುವುದಿಲ್ಲ. ಬಯಲಿಗೇ ಕೊಂಡುಹೋಗ್ಬೇಕು."

"ಯಾವ ಬಯಲಿಗೆ?"

"ನಮಗೆ ಅಂಗಳ ಕೊಡುವವರು ಬಯಲಿನಲ್ಲಿ ಇನ್ಯಾರುಂಟು? ಉಪ್ಪಳಕ್ಕೆ."

ಶೆಟ್ಟರು ಎಲೆಯನ್ನು ಬಾಯಿಗೆ ಹಾಕಿಕೊಂಡು ಜಗಿಯತೊಡಗಿದರು. ಆಮೇಲೆ ಇವರು ಜಾಣತನದಿಂದ, "ಉಪ್ಪಳ ಸಮುದ್ರದ ಹತ್ತಿರ. ಅಲ್ಲಿಗೆ ಸಮುದ್ರದ ಹತ್ತು ಪಾಲು ಬರ್ತದೆ," ಎಂದರು.

ನನಗೆ ಎಲ್ಲಿತ್ತೋ ಸಿಟ್ಟು! "ನನ್ನ ತವರು ಸಮುದ್ರದ ಹೊರಗೇ ಉಂಟು. ನನ್ನ ಅಮ್ಮ ಮೀನಲ್ಲ!" ಎಂದೆ. ಶೆಟ್ಟರು ನಗಲು ಹೋಗಿ ಎಲೆಯಡಿಕೆ ಗಂಟಲಿಗೆ ಸಿಕ್ಕಿ, ಅವರ ಬೆನ್ನು ಗುದ್ದುವುದರಲ್ಲಿ ಇವರಿಗೆ ಇನ್ನೊಂದು ಉತ್ತರ ಹುಡುಕಲು ಸಮಯ ಸಿಗಲಿಲ್ಲ. ಮರುದಿನ ಹೊರಡುವುದೆಂದಾಯಿತು. "ಹಪ್ಪಳ ಒಣಗಿಸ್ಲಿಕ್ಕೆ ಮಾತ್ರ. ನಿನ್ನ ಅಣ್ಣನ ಹತ್ತಿರ ನಾನು ಮಾತಾಡುವುದಿಲ್ಲ. ನೀರೂ ಮುಟ್ಟುವುದಿಲ್ಲ," ಎಂದು ಇವರು ಮೂರು ಸಲ ಹೇಳಿದರು. ಆ ರಾತ್ರಿ ನನಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಮಾತಾಡದಿದ್ದರೆ ಬೇಡ, ಅಮ್ಮನ ಮುಖ ಕಂಡರೆ ಸಾಕು ಎಂದುಕೊಂಡೆ. ಆದರೆ ಒಳಗೊಳಗೆ ಗೊತ್ತಿತ್ತು, ಈ ಸಲವೂ ಇವರಿಬ್ಬರು ಕೆಟ್ಟ ಮಾತಾಡಿ ಬಿಟ್ಟರೆ ಮತ್ತೆ ಅಮ್ಮನನ್ನು ನಾನು ನೋಡುವುದು ಅವಳ ಉತ್ತರಕ್ರಿಯೆಯ ಬೊಜ್ಜದ ದಿನವೇ ಎಂದು.

ಮರುದಿನ ಗುಡ್ಡ ಇಳಿದು ಬದಿಯಡ್ಕಕ್ಕೆ ಬಂದೆವು. ಅಲ್ಲಿಂದ ರೈಲು ಸಿಗುವ ಕುಂಬಳೆಗೆ ಹೋಗುವುದು ಇದ್ದಿಲಿನ ಬಸ್ಸು. ಪೆಟ್ರೋಲು ಇಲ್ಲದ್ದರಿಂದ ಹಿಂಬದಿಗೆ ಒಂದು ದೊಡ್ಡ ಒಲೆ ಕಟ್ಟಿದ್ದರು. ಅದಕ್ಕೆ ಇದ್ದಿಲು ತುಂಬಿ, ಗಾಳಿ ತಿರುವಿ, ಅರ್ಧ ಗಂಟೆ ಕಾದ ಮೇಲೆ ಬಸ್ಸಿಗೆ ಹೊರಡಬೇಕೆಂದು ಕಂಡರೆ ಹೊರಡುತ್ತದೆ. ಹಪ್ಪಳದ ಎರಡು ಬುಟ್ಟಿಗಳನ್ನು ನೋಡಿದ ಕಂಡಕ್ಟರ್ ಲೋಕನಾಥ, "ಮೇಲೆ ಇಡಿ ಭಟ್ರೇ, ಒಳಗೆ ಜನಕ್ಕೇ ಜಾಗ ಇಲ್ಲ" ಎಂದ. ಇವರು ತಲೆಯೆತ್ತಿ ಬಸ್ಸಿನ ಮೇಲ್ಭಾಗ ನೋಡಿದರು. ಅಲ್ಲಿ ಚೊಕ್ಕವಾದ ಬಿಸಿಲು ಬಿದ್ದಿತ್ತು. ಇವರ ಕಣ್ಣು ಅರಳಿದ್ದು ಕಂಡ ಕೂಡಲೇ ನನಗೆ ಹೆದರಿಕೆಯಾಯಿತು.

"ಕುಂಬಳೆಗೆ ಮುಟ್ಲಿಕ್ಕೆ ಒಂದೂವರೆ ಗಂಟೆ ಹೊತ್ತು ಬೇಕು. ಅಷ್ಟು ಬಿಸಿಲು ಯಾಕೆ ಹಾಳು ಮಾಡುವುದು?" ಎಂದವರೇ ಏಣಿ ಹತ್ತಿದರು. ಮೇಲೆ ಚಾಪೆ ಹಾಸಿ, ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ಐದು ನೂರು ಹಪ್ಪಳ ಹರಡಿ, ನಡುವೆ ಪದ್ಮಾಸನ ಹಾಕಿ ತಾವೂ ಕೂತರು. ಶಾಲು ಜುಟ್ಟಿನ ಮೇಲಿಂದ ಗಲ್ಲಕ್ಕೆ ಬಿಗಿದಿತ್ತು. ಕೈಯಲ್ಲಿ ಕೊಡೆ.

"ಇದೆಂತ ಮಾರಾಯ್ರೇ, ಬಸ್ಸಾ ಅಂಗಳವಾ?" ಎಂದು ಲೋಕನಾಥ ಕೂಗಿದ. ಅಷ್ಟರಲ್ಲಿ ಬಸ್ಸಿಗೆ ಹೊರಡಬೇಕೆಂದು ಕಂಡಿತು. ನಿಲ್ಲಿಸಿದರೆ ಮತ್ತೆ ಅರ್ಧ ಗಂಟೆ ಗಾಳಿ ತಿರುವಬೇಕು. ಹಾಗಾಗಿ ಇವರು ಉಳಿದರು.

ನಾನು ಒಳಗೆ ಕಿಟಕಿಯ ಹತ್ತಿರ ಕೂತಿದ್ದೆ. ನೀರ್ಚಾಲಿನವರೆಗೆ ಬಿಸಿಲು. ಆಚೆಯ ಏರಿನಲ್ಲಿ ಒಂದು ಮೋಡ ಬಂತು, ನಾಲ್ಕು ಹನಿ ಉದುರಿತು. ಮೇಲೆ ದಡಬಡ ಸದ್ದು: ಇವರು ಚಾಪೆ ಮಡಚುತ್ತಿದ್ದಾರೆ. ಇಳಿಜಾರಿಗೆ ಬಂದಾಗ ಬಿಸಿಲು. ಮತ್ತೆ ದಡಬಡ: ಬಿಡಿಸುತ್ತಿದ್ದಾರೆ. ಸೀತಾಂಗೋಳಿಯ ಗುಡ್ಡದಲ್ಲಿ ಮಂಜು, ಮಡಚಿದರು. ತಿರುವು ದಾಟಿದ ಕೂಡಲೇ ಬಿಸಿಲು, ಬಿಡಿಸಿದರು. ಏರಿಗೊಂದು ಹವೆ, ಇಳಿತಕ್ಕೊಂದು ಹವೆ. ನನ್ನ ಪಕ್ಕದಲ್ಲಿದ್ದ ಮುದುಕಿ, "ಮೇಲೆ ಎಂತ, ಎಮ್ಮೆ ಉಂಟಾ?" ಎಂದು ಕೇಳಿದಳು. ನಾನು ಕಿಟಕಿಯ ಹೊರಗೆ ನೋಡುತ್ತ, "ಗೊತ್ತಿಲ್ಲ" ಎಂದೆ. ಗಂಡನನ್ನು ಗುರುತಿಲ್ಲವೆಂದು ಹೇಳಿದ ಪಾಪ ನನ್ನದು. ಆದರೆ ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು.

ಕುಂಬಳೆಯಲ್ಲಿ ಇಳಿದು ಬಂದವರನ್ನು ನೋಡಿದರೆ ನಿಜವಾಗಿಯೂ ಗುರುತು ಸಿಗುವ ಹಾಗಿರಲಿಲ್ಲ. ಇದ್ದಿಲಿನ ಒಲೆಯ ಹೊಗೆಯೆಲ್ಲ ಹಿಂದಿನಿಂದ ಮೇಲಕ್ಕೇ ಹೋಗಿತ್ತು. ಬೆಳ್ಳಗಿದ್ದ ಬ್ರಾಹ್ಮಣ ದೋಸೆಯ ಕಾವಲಿಯಾಗಿದ್ದರು. ಕಣ್ಣು ಮತ್ತು ಹಲ್ಲು ಮಾತ್ರ ಬಿಳಿ. ಹಿಂದಿನ ಸಾಲಿನ ನೂರು ಹಪ್ಪಳಗಳ ಮೇಲೂ ಮಸಿ.

"ನೋಡು, ಎಷ್ಟು ಗರಿಗರಿ ಆಗ್ತಾ ಉಂಟು," ಎಂದು ಸಂತೋಷದಿಂದ ಒಂದು ಹಪ್ಪಳ ಬಗ್ಗಿಸಿ ತೋರಿಸಿದರು. ಅದು ಸುಮ್ಮನೆ ಬಗ್ಗಿತು, ಮುರಿಯಲಿಲ್ಲ. ನನಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಕಂಡಿತು. ರೈಲಿನಲ್ಲಿ ಮಾತ್ರ ಬುಟ್ಟಿಯ ಬಾಯಿ ಬಿಚ್ಚಲು ನಾನು ಬಿಡಲಿಲ್ಲ.

ಉಪ್ಪಳದ ಬಯಲಿನಲ್ಲಿ ಬಿಸಿಲೆಂದರೆ ಬಿಸಿಲು. ಒಂದು ಮೋಡದ ಚೂರಿಲ್ಲ. ಸ್ಟೇಷನ್ನಿನಿಂದ ನಡೆಯುತ್ತ ಇವರು, "ಕಂಡಿಯಾ? ಬಯಲಿಗೆ ಒಂದೇ ಪಾಲು," ಎಂದು ಹತ್ತು ಸಲ ಹೇಳಿದರು. ಬೇಲಿಯ ತಿರುವು ದಾಟಿ ತವರಿನ ಅಂಗಳಕ್ಕೆ ಕಾಲಿಟ್ಟು ತಲೆಯೆತ್ತಿದೆ. ಮನೆಯ ಮೇಲೆ ಮಾಡೇ ಇಲ್ಲ! ಅಡ್ಡ ಉದ್ದ ಬಿದಿರು ಮಾತ್ರ. ಹಳೆಯ ಮಡಲೆಲ್ಲ ಕಿತ್ತು ಅಂಗಳದ ಮೂಲೆಯಲ್ಲಿ ಗುಡ್ಡೆ ಹಾಕಿತ್ತು. ಬಿದಿರಿನ ನೆತ್ತಿಯಲ್ಲಿ ಅಣ್ಣ ಕೂತಿದ್ದ. ಇಷ್ಟು ದಿನಗಳಲ್ಲಿ ನಾನು ಆರಿಸಿಕೊಂಡು ಬಂದದ್ದು ಇದೇ ದಿನವನ್ನು.

ಅಣ್ಣ ಕೆಳಗೆ ನೋಡಿದ. ಕಪ್ಪು ಮುಖದ ಮನುಷ್ಯ ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮಡಲು ಕಟ್ಟುವವರ ಮುಂದಾಳು ಬಟ್ಯ ಕೈಯಲ್ಲಿದ್ದ ಬಳ್ಳಿಯನ್ನು ಬಿಟ್ಟು ಇಬ್ಬರನ್ನೂ ನೋಡುತ್ತ ನಿಂತ. ಅಮ್ಮ ಮಾತ್ರ ಒಳಗಿನಿಂದ ಓಡಿ ಬಂದು ನನ್ನ ಎರಡು ಕೆನ್ನೆ ಹಿಡಿದುಕೊಂಡಳು. ಅವಳ ಕೈ ಎಷ್ಟು ಸಣ್ಣದಾಗಿತ್ತು!

ಇವರು ಆಕಾಶವನ್ನು ನೋಡುತ್ತ, ಯಾರಿಗೂ ಹೇಳದ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಇವತ್ತು ಮಳೆ ಇಲ್ಲ. ಬಯಲಿಗೆ ಒಂದೇ ಪಾಲು. ಹೆದರ್ಬೇಕಾದ್ದಿಲ್ಲ," ಎಂದರು.

ಅಣ್ಣನ ಮುಖ ಬಿಳುಚಿತು.

"ಬಟ್ಯಾ!" ಎಂದು ಮೇಲಿನಿಂದ ಕಿರುಚಿದ. "ಬೇಗ ಬೇಗ! ಮಳೆ ಬರ್ತದೆ! ಭಾವ ಇಲ್ಲ ಅಂದ್ರು! ಊಟ ಆಮೇಲೆ, ಮೊದಲು ಮಡಲು ಕೊಡಿ!"

ಬಟ್ಯನಿಗೂ ಮೂರು ವರ್ಷದ ಹಿಂದಿನ ಮಳೆ ನೆನಪಿತ್ತು. ಅವನು ಊಟಕ್ಕೆಂದು ಕೂತಿದ್ದ ಎಂಟು ಆಳುಗಳನ್ನು ಎಬ್ಬಿಸಿದ. ಒಬ್ಬ ಎಸೆಯುವುದು, ಒಬ್ಬ ಹಿಡಿಯುವುದು, ಒಬ್ಬ ಕಟ್ಟುವುದು. ಅಕ್ಕಪಕ್ಕದವರೂ ಓಡಿ ಬಂದರು. ಉರಿಬಿಸಿಲಿನಲ್ಲಿ, ಮೋಡವಿಲ್ಲದ ಆಕಾಶದ ಕೆಳಗೆ, ಮನೆಗೆ ಬೆಂಕಿ ಬಿದ್ದಂಥ ಗಲಾಟೆ. ಇವರು ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಹರಡುತ್ತ, "ಮಳೆ ಇಲ್ಲ ಅಂತ ಹೇಳಿದೆನಲ್ಲ! ಎಂತಕ್ಕೆ ಓಡ್ತೀರಿ?" ಎಂದರು. ಅವರು ಒಂದೊಂದು ಸಲ ಹಾಗೆ ಹೇಳಿದಾಗಲೂ ಆಳುಗಳ ಕೈ ಇನ್ನಷ್ಟು ಬೇಗ ಓಡುತ್ತಿತ್ತು.

ಎರಡೂವರೆಗೆ ಪಡುವಣದಲ್ಲಿ, ಸಮುದ್ರದ ಮೇಲೆ, ಒಂದು ಕಪ್ಪು ಗೆರೆ ಕಂಡಿತು. ಮೂರಕ್ಕೆ ಗಾಳಿ. ಬಟ್ಯ ಕೊನೆಯ ಮಡಲಿಗೆ ಗಂಟು ಹಾಕಿ ಏಣಿಯಿಂದ ಕೆಳಗೆ ಹಾರಿದ, ಅವನ ಹಿಂದೆಯೇ ಮಳೆ ಹಾರಿತು. ಅಂಥ ಮಳೆಯನ್ನು ನಾನು ಆಷಾಢದಲ್ಲೂ ಕಂಡಿರಲಿಲ್ಲ. ನಾನು, ಇವರು, ಅಮ್ಮ, ಆಳುಗಳು ಎಲ್ಲರೂ ಚಾಪೆಯ ತುದಿ ಹಿಡಿದು ಹಪ್ಪಳವನ್ನು ಒಳಗೆಳೆದೆವು. ಹೊಸ ಮಾಡಿನಿಂದ ಒಂದು ಹನಿ ಸೋರಲಿಲ್ಲ. ಭತ್ತ ಒಣಗಿಯೇ ಇತ್ತು. ಅಮ್ಮ ತಲೆಯ ಮೇಲೆ ಏನನ್ನೂ ಹಿಡಿದುಕೊಳ್ಳದೆ ನಿಂತಿದ್ದಳು.

ಇವರು ಮಾತ್ರ ಜಗಲಿಯ ತುದಿಯಲ್ಲಿ, ಮುಖದ ಮಸಿ ಗೆರೆಗೆರೆಯಾಗಿ ಇಳಿಯುತ್ತಿರುವಾಗ, ಮಳೆಯನ್ನು ನೋಡುತ್ತ ನಿಂತಿದ್ದರು. ಆಮೇಲೆ ಮೆಲ್ಲಗೆ ಕೊಡೆ ಕೈಗೆತ್ತಿಕೊಂಡರು. "ಮೂಕಾಂಬಿಕೇ, ಹೊರಡು," ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ, ಸೋಲಿತ್ತು. ಅಮ್ಮ ನನ್ನ ಸೆರಗು ಹಿಡಿದುಕೊಂಡಿದ್ದಳು. ಇನ್ನು ಮುಗಿಯಿತು ಎಂದುಕೊಂಡೆ. ಇನ್ನು ಈ ಜನ್ಮದಲ್ಲಿ ಈ ಮನುಷ್ಯ ಇತ್ತ ತಲೆ ಹಾಕುವುದಿಲ್ಲ.

ಅಣ್ಣ ಬಂದು ಕೊಡೆಯ ಇನ್ನೊಂದು ತುದಿ ಹಿಡಿದ. "ಎಲ್ಲಿಗೆ ಭಾವ? ನೀವು ಬಾರದಿದ್ರೆ ನಾವು ಊಟ ಮಾಡಿ, ಒಂದು ನಿದ್ದೆ ತೆಗೆದು, ಆರಾಮದಲ್ಲಿ ಮಡಲು ಹಾಕ್ತಿದ್ದೆವು. ಮನೆ ತೊಳೆದು ಹೋಗ್ತಿತ್ತು. ನಿಮ್ಮ ಒಂದು ಮಾತಿನಿಂದ ಉಳೀತು. ದೇವರಾಣೆ ತಮಾಷೆ ಅಲ್ಲ. ಅವತ್ತು ನಾನು ಹಾಗೆ ಹೇಳಬಾರದಿತ್ತು."

ಇದು ಹೊಗಳಿಕೆಯೋ ಬೈಗುಳವೋ ಎಂದು ಇವರಿಗೆ ತಿಳಿಯಲಿಲ್ಲ. ಕೊಡೆ ಇವರೂ ಬಿಡಲಿಲ್ಲ, ಅವನೂ ಬಿಡಲಿಲ್ಲ. ಕೊನೆಗೆ ಇವರು ಗಂಟಲು ಸರಿಮಾಡಿಕೊಂಡು, "ಇದು ಬಯಲಿನ ಪಾಲಲ್ಲ. ಸಮುದ್ರದ ಪಾಲು. ಗಾಳಿಗೆ ದಾರಿ ತಪ್ಪಿ ಈಚೆ ಬಂದದ್ದು," ಎಂದರು.

"ಹೌದು ಹೌದು, ದಾರಿ ತಪ್ಪಿ ಬಂದದ್ದು," ಎಂದ ಅಣ್ಣ, ಬಹಳ ಗಂಭೀರವಾಗಿ.

ಅಮ್ಮ ನಡುವೆ ಬಂದಳು. "ಮೂರು ವರ್ಷದ ಹಿಂದೆ ಬಿಟ್ಟು ಹೋದ ಕಾಫಿ ಉಂಟು, ಬಿಸಿ ಮಾಡಿ ತರ್ಲಾ? ಅದಕ್ಕೆ ಮೊದಲು ಮುಖ ತೊಳೀರಿ. ಅಳಿಯ ಯಾರು, ಒಲೆ ಯಾವುದು ಅಂತ ನನಗೆ ಗೊತ್ತಾಗ್ಬೇಡ್ವಾ?" ಬಟ್ಯ ಮೊದಲು ನಕ್ಕ. ಆಮೇಲೆ ಯಾರು ನಗಲಿಲ್ಲ ಎಂದು ಕೇಳಬೇಕು. ಇವರೂ ನಕ್ಕರು. ನೀರೂ ಮುಟ್ಟುವುದಿಲ್ಲ ಎಂದವರು ಬೆಲ್ಲದ ಕಾಫಿ ಎರಡು ಲೋಟ ಕುಡಿದು, ಹೊಗೆ ವಾಸನೆಯ ಹಸಿ ಹಪ್ಪಳವನ್ನು ಕೆಂಡದಲ್ಲಿ ಸುಡಿಸಿಕೊಂಡು ಏಳು ತಿಂದರು.

ನಾಲ್ಕು ದಿನ ಅಲ್ಲಿದ್ದೆವು. ಹಪ್ಪಳ ಹೇಗೋ ಒಣಗಿತು. ಹಿಂತಿರುಗಿ ಬಂದಾಗ ಭುಜಂಗ ಶೆಟ್ಟರು ದಾರಿಯಲ್ಲೇ ಸಿಕ್ಕಿ, "ಎಂತ ಬಿಸಿಲು ಭಟ್ರೇ! ನೀವು ಹೋದ ಮೇಲೆ ಇಲ್ಲಿ ಒಂದು ಹನಿ ಬೀಳಲಿಲ್ಲ," ಎಂದರು. ಇವರು ಕಿವಿ ಕೇಳದವರ ಹಾಗೆ ಗುಡ್ಡ ಹತ್ತಿದರು.

ಮರುವರ್ಷ ವಿಷು ಕಳೆದ ಮೂರನೆಯ ದಿನ ಅಣ್ಣನ ಕಾರ್ಡು ಬಂತು. "ಬರುವ ಸೋಮವಾರ ಮಡಲು ಹೊದೆಸುವುದು. ಮಳೆ ಉಂಟೋ ಇಲ್ಲವೋ ಭಾವ ಖುದ್ದಾಗಿ ಬಂದು ಹೇಳಬೇಕು. ತಂಗಿಯನ್ನೂ ಕರೆತರಬೇಕು," ಎಂದು. ನನಗೆ ಒಳಗೆ ಭಯವೇ ಆಯಿತು. ಅಣ್ಣನಿಗೆ ಇವರ ಮಾತು ಯಾವ ಕೆಲಸಕ್ಕೆ ಬೇಕೆಂದು ಇಡೀ ಉಪ್ಪಳಕ್ಕೆ ಗೊತ್ತು. ಇವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಪಂಚಾಂಗದ ಮರ್ಯಾದೆಯ ಮುಂದೆ ಹೆಂಡತಿಯ ತವರು ಯಾವ ಲೆಕ್ಕ?

ಇವರು ಕಾರ್ಡನ್ನು ಎರಡು ಸಲ ಓದಿದರು. ಲೇಖನಿ ತೆಗೆದು, ಇನ್ನೊಂದು ಕಾರ್ಡಿನಲ್ಲಿ, "ಸೋಮವಾರ ಮಳೆ ಖಂಡಿತ ಇಲ್ಲ. ಬರುತ್ತೇವೆ," ಎಂದು ಬರೆದರು. ಪಂಚಾಂಗ ಅಟ್ಟದ ಮೇಲೆ, ಕೆಂಪು ಬಟ್ಟೆಯಲ್ಲಿ ಕಟ್ಟಿದ್ದು ಕಟ್ಟಿದ ಹಾಗೆಯೇ ಇತ್ತು.

"ಪಂಚಾಂಗ ನೋಡ್ಲಿಕ್ಕಿಲ್ವಾ?" ಎಂದು ಕೇಳಿದೆ.

"ಎಂತಕ್ಕೆ?" ಎಂದರು, ನನ್ನ ಮುಖ ನೋಡದೆ.

ನನಗೆ ಎಲ್ಲವೂ ಅರ್ಥವಾಯಿತು. ಅಡುಗೆಮನೆಗೆ ಓಡಿದೆ, ಒಲೆಯ ಎದುರು ಕೂತು ಅತ್ತೆ. ಈ ಸಲದ ಅಳು ಬೇರೆಯದು. ಅದರ ಮೇಲೆ ಹನ್ನೊಂದು ವಿಷು ಕಳೆದವು, ಅಮ್ಮ ಇದ್ದ ಏಳು ವರ್ಷವೂ ನಾನು ಅವಳ ಪಕ್ಕದಲ್ಲಿ ಮಡಲು ಹೊದೆಸುವ ದಿನದ ಊಟ ಮಾಡಿದೆ. ಪ್ರತಿ ವರ್ಷವೂ ಇವರು ಅಂಗಳದಲ್ಲಿ ನಿಂತು ಮಳೆ ಇಲ್ಲ ಎಂದು ದೊಡ್ಡ ಸ್ವರದಲ್ಲಿ ಹೇಳುತ್ತಾರೆ, ಎಲ್ಲರೂ ಓಡುತ್ತಾರೆ.

ಮೊದಲ ಕಾರ್ಡಿನ ಆ ಸೋಮವಾರ ನಾನು ಸೀರೆ ಮಡಚುತ್ತ ಸ್ವಲ್ಪ ತಡಮಾಡಿದಾಗ ಇವರು ಅಂಗಳಕ್ಕಿಳಿದು, ಒಂದು ಮೋಡವಿಲ್ಲದ ಆಕಾಶವನ್ನು ನೋಡಿ, ಮತ್ತೆ ಒಳಗೆ ಬಂದು ಗೋಡೆಯ ಮೊಳೆಯಿಂದ ಕೊಡೆ ತೆಗೆದುಕೊಂಡರು.

"ಬೇಗ ಮಾರಾಯ್ತಿ," ಎಂದರು. "ಮಳೆ ಬರುವ ಮೊದಲು ಮುಟ್ಬೇಕು. ಮಳೆ ಇಲ್ಲ ಅಂತ ಹೇಳ್ಲಿಕ್ಕುಂಟು."